ಮೆಚ್ಚುಗೆಗೂ ದುಡ್ಡಿಗೂ ಒಂದೇ ಗುಂಡಿ

"ಅಷ್ಟೆಲ್ಲ ಬರೀತೀಯಲ್ಲ, ಏನು ಸಿಗತ್ತೆ ಅದ್ರಿಂದ?"

ಬ್ಲಾಗು ಬರೆಯುವ ನಮ್ಮನ್ನೆಲ್ಲ ಮನೆಯವರೋ ಆಫೀಸಿನ ಗೆಳೆಯರೋ ಒಂದಲ್ಲ ಒಂದು ದಿನ ಈ ಪ್ರಶ್ನೆ ಕೇಳಿಯೇ ಇರುತ್ತಾರೆ. ರಾತ್ರಿ ಊಟ ಮುಗಿಸಿ ಹನ್ನೊಂದು ಗಂಟೆಗೆ ಕೀಲಿಮಣೆ ಕುಟ್ಟುತ್ತ ಕೂತವರನ್ನು ಕಂಡರೆ ಯಾರಿಗಾದರೂ ಹಾಗನ್ನಿಸುವುದು ಸಹಜವೇ ಬಿಡಿ. ನಾವೂ ಏನೋ ಒಂದು ಹೇಳಿ ಜಾರಿಕೊಳ್ಳುತ್ತೇವೆ. ಖುಷಿಗೆ ಅಂತೀವಿ, ಹವ್ಯಾಸ ಅಂತೀವಿ, ಇನ್ನೂ ಸ್ವಲ್ಪ ಧೈರ್ಯ ಇದ್ದರೆ ಕನ್ನಡಕ್ಕಾಗಿ ಅಂತೀವಿ. ಅಷ್ಟು ಹೇಳಿ, ಯಾರೂ ನೋಡದಿರುವಾಗ ಕಾಮೆಂಟು ಬಂತಾ ಅಂತ ಪುಟವನ್ನು ಇನ್ನೊಂದು ಸಲ ರಿಫ್ರೆಶ್ ಮಾಡುತ್ತೇವೆ :-)

ಈ ಪ್ರಶ್ನೆಗೆ "ದುಡ್ಡು ಸಿಗುತ್ತೆ" ಅಂತ ನೇರವಾಗಿ ಉತ್ತರ ಕೊಡುವ ತಾಣಗಳು ಕಳೆದ ಹತ್ತು ವರ್ಷಗಳಲ್ಲಿ ಸಾಕಷ್ಟು ಹುಟ್ಟಿಕೊಂಡಿವೆ. ನೀವು ಬರೆಯಿರಿ, ಓದುಗರು ಗುಂಡಿ ಒತ್ತಲಿ, ಒತ್ತಿದಷ್ಟೂ ನಿಮ್ಮ ಖಾತೆಗೆ ಕಾಸು. ಕೇಳುವುದಕ್ಕೆ ಎಷ್ಟು ಚೆನ್ನಾಗಿದೆ ಅಲ್ವಾ? ಹಾಗೆ ಬರೆಯಹೋದ ಒಬ್ಬರು ನನಗೆ ಬೇಕಾದವರು. ಅವರು ಬರೆಯುವುದನ್ನೇ ನಿಲ್ಲಿಸಿದರು. ಅಂದಿನಿಂದ ಈ ವ್ಯವಸ್ಥೆಗಳು ಹೇಗೆ ಕೆಲಸ ಮಾಡುತ್ತವೆ ಅಂತ ಸಿಕ್ಕಸಿಕ್ಕಲ್ಲಿ ಓದುತ್ತ ಬಂದಿದ್ದೇನೆ. ಓದಿದ್ದನ್ನು, ಅನ್ನಿಸಿದ್ದನ್ನು ಇಲ್ಲಿ ಬರೆದಿಡುತ್ತೇನೆ. ಸ್ವಲ್ಪ ಉದ್ದವಾಗಬಹುದು, ಚಹಾ ಮಾಡಿಕೊಂಡು ಬನ್ನಿ.

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಬರೆದವರಿಗೆ ದುಡ್ಡು ಕೊಡಬಾರದು ಅನ್ನುವ ಪೈಕಿ ನಾನಲ್ಲ. ಬರವಣಿಗೆಯೂ ಕೆಲಸವೇ. ಆದರೆ ಪತ್ರಿಕೆಗಳಿಗೆ ಲೇಖನ ಕಳಿಸಿ ಕಾಯುತ್ತಿದ್ದ ದಿನಗಳನ್ನು ಒಂದು ಸಲ ನೆನಪು ಮಾಡಿಕೊಳ್ಳಿ. ಆಗ ಲೇಖಕನಿಗೆ ಎರಡು ದಾರಿಯಲ್ಲಿ ಎರಡು ಬೇರೆಬೇರೆ ಸಂಗತಿಗಳು ಬರುತ್ತಿದ್ದವು. ಒಂದು ಗೌರವಧನ. ಅದನ್ನು ಪತ್ರಿಕೆಯವರು ನಿರ್ಧರಿಸುತ್ತಿದ್ದರು, ಪೋಸ್ಟ್‌ಮ್ಯಾನ್ ಮನಿಯಾರ್ಡರಿನಲ್ಲಿ ತಂದುಕೊಡುತ್ತಿದ್ದ. ಇನ್ನೊಂದು ಓದುಗರ ಪತ್ರ. ಅದು ಯಾವುದೋ ಊರಿನ, ಮುಖ ಕಾಣದ ಯಾರೋ ಬರೆದದ್ದು. ಆ ಪತ್ರ ಬರೆದವರಿಗೆ ನಿಮ್ಮ ಗೌರವಧನ ಎಷ್ಟು ಅನ್ನುವುದು ಗೊತ್ತಿರಲಿಲ್ಲ. ಪತ್ರ ಬರೆದದ್ದಕ್ಕೆ ಅವರಿಗೇನೂ ಸಿಗುತ್ತಿರಲಿಲ್ಲ. ಅಂಚೆ ಕಾರ್ಡಿನ ಖರ್ಚು ಅವರದೇ! ಹಾಗಾಗಿ ಆ ಪತ್ರವನ್ನು ನಂಬಬಹುದಿತ್ತು. ದುಡ್ಡು ಕಡಿಮೆ ಬಂದರೂ ಪತ್ರ ಬಂದರೆ ಇನ್ನೊಂದು ಲೇಖನ ಬರೆಯುವ ಹುಮ್ಮಸ್ಸು ಬರುತ್ತಿತ್ತು.

ಈ ಎರಡು ದಾರಿಗಳನ್ನು ಒಂದೇ ಮಾಡಿದರೆ ಏನಾಗುತ್ತದೆ? ಅದನ್ನು ತಿಳಿಯಲು ಸ್ಟೀಮಿಟ್‌ಗಿಂತ ಒಳ್ಳೆಯ ಉದಾಹರಣೆ ಇಲ್ಲ.

ನೆಡ್ ಸ್ಕಾಟ್ ಮತ್ತು ಡ್ಯಾನ್ ಲ್ಯಾರಿಮರ್ ಎಂಬಿಬ್ಬರು 2016ರಲ್ಲಿ ಅಮೆರಿಕದಲ್ಲಿ ಶುರುಮಾಡಿದ ತಾಣ ಇದು. ಬಿಟ್‌ಕಾಯಿನ್ ಥರದ್ದೇ ಒಂದು ಡಿಜಿಟಲ್ ನಾಣ್ಯ, ಹೆಸರು ಸ್ಟೀಮ್. ದಿನವೂ ಹೊಸ ನಾಣ್ಯಗಳು ಹುಟ್ಟುತ್ತವೆ, ಅದರಲ್ಲಿ ದೊಡ್ಡ ಪಾಲು ಬರೆದವರಿಗೂ ಮತ ಹಾಕಿದವರಿಗೂ ಹಂಚಿಕೆಯಾಗುತ್ತದೆ. 2016ರ ಜುಲೈ 4ರಂದು ಮೊದಲ ಬಟವಾಡೆ ಆಯಿತು. ಪ್ರತಿ ಬರಹದ ಕೆಳಗೆ, ಎಲ್ಲರಿಗೂ ಕಾಣುವ ಹಾಗೆ, ಅದು ಎಷ್ಟು ಡಾಲರು ಗಳಿಸಿತು ಎಂಬ ಅಂಕಿ. ಆರಂಭದ ವಾರಗಳಲ್ಲಿ ಕೆಲವು ಬರಹಗಳ ಕೆಳಗೆ ಸಾವಿರಾರು ಡಾಲರು ಕಾಣಿಸಿತು. ಸುದ್ದಿ ಕಾಡ್ಗಿಚ್ಚಿನಂತೆ ಹಬ್ಬಿತು, ಜನ ಬಂದು ಸೇರಿದರು.

ಆದರೆ ಅಲ್ಲಿ ಎಲ್ಲರ ಮತಕ್ಕೂ ಒಂದೇ ತೂಕ ಇರಲಿಲ್ಲ. ಯಾರ ಬಳಿ ಸ್ಟೀಮ್ ಪವರ್ ಎಷ್ಟಿದೆಯೋ, ಅಂದರೆ ಯಾರು ಎಷ್ಟು ನಾಣ್ಯವನ್ನು ಅಲ್ಲೇ ಇರಿಸಿ ಬೀಗ ಹಾಕಿದ್ದಾರೋ, ಅವರ ಮತಕ್ಕೆ ಅಷ್ಟು ಬೆಲೆ. ಆ ಬೀಗ ತೆಗೆಯಲು ಮೊದಲು 104 ವಾರ ಬೇಕಿತ್ತು, 2016ರ ಕೊನೆಯಲ್ಲಿ ಅದನ್ನು 13 ವಾರಕ್ಕೆ ಇಳಿಸಿದರು. ದೊಡ್ಡ ಗಂಟು ಇದ್ದವರನ್ನು ತಿಮಿಂಗಿಲ ಅಂತಲೂ, ಹೊಸಬರನ್ನು ಪುಡಿಮೀನು ಅಂತಲೂ ಅಲ್ಲಿಯವರೇ ಕರೆದುಕೊಂಡರು. ಇನ್ನೂ ಒಂದು ವಿಶೇಷ ಇತ್ತು. 2017ರ ಜೂನ್‌ವರೆಗೆ ಬರಹಕ್ಕೆ ಸಿಗುವ ಹಣವನ್ನು ಒಟ್ಟು ಮತಬಲದ ವರ್ಗಕ್ಕೆ ಅನುಗುಣವಾಗಿ ಲೆಕ್ಕ ಹಾಕುತ್ತಿದ್ದರು. ಅಂದರೆ ನಿಮಗಿಂತ ಹತ್ತು ಪಟ್ಟು ಮತಬಲ ಬಿದ್ದ ಬರಹಕ್ಕೆ ನಿಮಗಿಂತ ನೂರು ಪಟ್ಟು ದುಡ್ಡು! ಕೆಳಗಿನ ಕಡೆ, ಎರಡು ಸೆಂಟಿಗಿಂತ ಕಡಿಮೆ ಗಳಿಸಿದ ಬರಹಕ್ಕೆ ಏನೂ ಇಲ್ಲ ಎಂಬ ನಿಯಮವೂ ಮುಂದೆ ಬಂತು.

ಇದೆಲ್ಲ ಗೊತ್ತಿಲ್ಲದೆ ಆದ ಎಡವಟ್ಟಲ್ಲ ಅನ್ನುವುದು ಕುತೂಹಲದ ಸಂಗತಿ. ಆ ವ್ಯವಸ್ಥೆ ಕಟ್ಟಿದವರ ಶ್ವೇತಪತ್ರದಲ್ಲೇ ಇದರ ಪರಿಣಾಮವನ್ನು ಲಾಟರಿಗೆ ಹೋಲಿಸಿದ್ದಾರೆ. ಜನ ತಮಗೆ ಬರಬಹುದಾದ ಮತಗಳನ್ನು ಹೆಚ್ಚಾಗಿಯೇ ಅಂದಾಜು ಮಾಡಿಕೊಳ್ಳುತ್ತಾರೆ, ಆದ್ದರಿಂದ ಸಿಗುವ ಪ್ರತಿಫಲಕ್ಕಿಂತ ಜಾಸ್ತಿ ಕೆಲಸ ಮಾಡುತ್ತಾರೆ ಎಂಬುದು ಅಲ್ಲಿನ ಮಾತಿನ ಸಾರಾಂಶ. ಲಾಟರಿ ಅಂಗಡಿಯವನು ತನ್ನ ಲೆಕ್ಕಾಚಾರವನ್ನು ಬೋರ್ಡಿನ ಮೇಲೆ ಬರೆದು ನೇತುಹಾಕಿದ ಹಾಗೆ. ಓದಿದವರು ಎಷ್ಟು ಜನವೋ.

ಇನ್ನು ಮತ ಹಾಕುವವರ ಕಥೆ. ಬರಹದ ಗಳಿಕೆಯಲ್ಲಿ ಕಾಲು ಭಾಗ ಮತ ಹಾಕಿದವರಿಗೆ ಹೋಗುತ್ತಿತ್ತು. ಒಳ್ಳೆಯದನ್ನು ಹುಡುಕಿ ಎತ್ತಿ ತೋರಿಸಿದವರಿಗೂ ಏನಾದರೂ ಸಿಗಲಿ ಎಂಬುದು ಉದ್ದೇಶ. ಕೆಟ್ಟ ಉದ್ದೇಶವೇನಲ್ಲ. ಆದರೆ ಮೊದಲು ಮತ ಹಾಕಿದವರಿಗೆ ಹೆಚ್ಚು, ಆಮೇಲೆ ಬಂದವರಿಗೆ ಕಡಿಮೆ. ಹಾಗಾದಾಗ ಮತ ಹಾಕುವವನು "ನನಗೆ ಇದು ಇಷ್ಟವಾಯಿತಾ?" ಅಂತ ಕೇಳಿಕೊಳ್ಳುವುದಿಲ್ಲ. "ಇದಕ್ಕೆ ಇನ್ನು ಮುಂದೆ ದೊಡ್ಡವರು ಮತ ಹಾಕುತ್ತಾರಾ?" ಅಂತ ಕೇಳಿಕೊಳ್ಳುತ್ತಾನೆ. ಅದಕ್ಕೆ ಬರಹ ಓದಬೇಕಾಗಿಲ್ಲ, ಬರೆದವರ ಹೆಸರು ನೋಡಿದರೆ ಸಾಕು. ತೀರಾ ಬೇಗ ಹಾಕಿದರೂ ನಷ್ಟ ಆಗಲೆಂದು ಮೊದಲ 30 ನಿಮಿಷದ ಮತಕ್ಕೆ ಕಡಿತ ಇಟ್ಟರು. ಜನ ಏನು ಮಾಡಿದರು? ಸರಿಯಾದ ನಿಮಿಷಕ್ಕೆ ತಾನಾಗಿ ಮತ ಹಾಕುವ ಪ್ರೋಗ್ರಾಮು ಬರೆದರು. ಇಂಥವರು ಮತ ಹಾಕಿದಲ್ಲೆಲ್ಲ ನನ್ನ ಮತವೂ ಬೀಳಲಿ ಎಂದು ಬಾಲ ಹಿಡಿಯುವ ಸೌಲಭ್ಯಗಳೂ ಬಂದವು. 2018ರಲ್ಲಿ ಆ ಮೂವತ್ತು ನಿಮಿಷ ಹದಿನೈದಾಯಿತು, 2019ರಲ್ಲಿ ಐದಾಯಿತು. ಯಂತ್ರಕ್ಕೇನು, ಮೂವತ್ತಾದರೂ ಒಂದೇ, ಐದಾದರೂ ಒಂದೇ.

ಆಮೇಲೆ ಬಂದದ್ದು ಬಾಡಿಗೆ ಮತ. ಪೂರ್ತಿ ಬಲದ ಮತವನ್ನು ದಿನಕ್ಕೆ ಸುಮಾರು ಹತ್ತು ಸಲ ಹಾಕಬಹುದಿತ್ತು. ಸ್ಟೀಮ್ ಪವರ್ ಗುಡ್ಡೆ ಹಾಕಿಕೊಂಡಿದ್ದ ಯಂತ್ರಖಾತೆಗಳು ಆ ಮತಗಳನ್ನು ಹರಾಜಿಗಿಟ್ಟವು. ನೀವು ಇಷ್ಟು ಕೊಡಿ, ನಿಮ್ಮ ಬರಹಕ್ಕೆ ಅಷ್ಟು ಮತ. 2017-18ರ ಹೊತ್ತಿಗೆ ಟ್ರೆಂಡಿಂಗ್ ಪುಟದಲ್ಲಿ ಹೀಗೆ ದುಡ್ಡು ಕೊಟ್ಟು ಮೇಲೇರಿದ ಬರಹಗಳೇ ತುಂಬಿಕೊಂಡವು. ಮೊದಲ ಪುಟ ಅಂದರೆ ಅಂದು ಯಾರು ಚೆನ್ನಾಗಿ ಬರೆದರು ಅನ್ನುವುದಲ್ಲ, ಯಾರು ಹೆಚ್ಚು ಕೂಗಿದರು ಅನ್ನುವುದು. ತನ್ನ ಬರಹಕ್ಕೆ ತಾನೇ ದುಡ್ಡು ಕೊಟ್ಟು ಮೆಚ್ಚುಗೆ ಕೊಂಡು, ಆ ಮೆಚ್ಚುಗೆಯಿಂದ ಬಂದ ದುಡ್ಡನ್ನು ಸಂಭಾವನೆ ಅಂತ ಕರೆದುಕೊಳ್ಳುವುದು... ಇದಕ್ಕೆ ನಮ್ಮಲ್ಲಿ ಏನನ್ನುತ್ತಾರೋ ನೀವೇ ಹೇಳಿ.

ಇನ್ನೊಂದು ವಿಷಯ ನನ್ನಂಥ ನಿಧಾನದ ಮನುಷ್ಯನಿಗೆ ಎಲ್ಲಕ್ಕಿಂತ ಜಾಸ್ತಿ ಚುಚ್ಚಿತು. ಅಲ್ಲಿ ಒಂದು ಬರಹದ ದುಡ್ಡಿನ ಆಯಸ್ಸು ಏಳು ದಿನ. ಏಳನೆಯ ದಿನ ಬಟವಾಡೆ, ಆಮೇಲೆ ಎಷ್ಟು ಜನ ಓದಿ ಮೆಚ್ಚಿದರೂ ಬರೆದವರಿಗೆ ಕಾಸಿಲ್ಲ. ನಮ್ಮ ಬ್ಲಾಗುಗಳಲ್ಲಿ ಹೇಗೆ ಆಗುತ್ತದೆ ಯೋಚಿಸಿ. ಯಾವತ್ತೋ ಬರೆದ ಹಲಸಿನ ಹಪ್ಪಳದ ಪೋಸ್ಟನ್ನು ನಾಲ್ಕು ವರ್ಷದ ನಂತರ ದೂರದ ಊರಲ್ಲಿರುವ ಯಾರೋ ಗೂಗಲಿನಲ್ಲಿ ಹುಡುಕಿ ಓದಿ, "ನಮ್ಮ ಅಜ್ಜಿಯೂ ಹೀಗೇ ಮಾಡ್ತಿದ್ರು" ಅಂತ ಎರಡು ಸಾಲು ಬರೆದು ಹೋಗುತ್ತಾರೆ. ಏಳು ದಿನದ ಗಡುವು ಇಟ್ಟರೆ ನಾಲ್ಕು ವರ್ಷಕ್ಕೆ ಬರೆಯುವವರು ಯಾರು? ಈ ಸಂಜೆಗೆ ಬೇಕಾದ್ದನ್ನು ಬರೆದು, ನಾಳೆ ಬೆಳಿಗ್ಗೆ ಇನ್ನೊಂದು ಬರೆದು... ಸೊಪ್ಪಿನ ವ್ಯಾಪಾರದ ಹಾಗೆ, ಬಾಡುವ ಮೊದಲು ಮಾರಬೇಕು.

ಇದನ್ನೆಲ್ಲ ಸರಿಮಾಡಲು ಅಲ್ಲಿಯವರು ಪ್ರಯತ್ನಪಡಲಿಲ್ಲ ಅಂತಲ್ಲ. 2019ರ ಆಗಸ್ಟಿನಲ್ಲಿ ನಿಯಮ ಬದಲಿಸಿ, ಬಾಡಿಗೆ ಮತ ಲಾಭವಾಗದಂತೆ ಮಾಡಲು ನೋಡಿದರು. ಹಲವು ಬಾಡಿಗೆ ಯಂತ್ರಗಳು ಬಾಗಿಲು ಹಾಕಿದವು ಕೂಡ. ಆದರೆ ಆ ಬದಲಾವಣೆಯಲ್ಲಿ ಬರೆಯುವವರ ಪಾಲು ಮುಕ್ಕಾಲಿನಿಂದ ಅರ್ಧಕ್ಕೆ ಇಳಿಯಿತು. ಉಳಿದರ್ಧ ಮತ ಹಾಕುವವರಿಗೆ. ಹೊಸಬರ ಕಷ್ಟ ಅದಕ್ಕೂ ಮೊದಲೇ ಹೆಚ್ಚಿತ್ತು. 2018ರ ಸೆಪ್ಟೆಂಬರಿನ ಬದಲಾವಣೆಯ ನಂತರ, ಗಂಟು ಇಲ್ಲದವರು ಎಷ್ಟು ಸಲ ಬರೆಯಬಹುದು, ಪ್ರತಿಕ್ರಿಯಿಸಬಹುದು ಅನ್ನುವುದಕ್ಕೇ ಮಿತಿ ಬಂತು. ಮೊದಲ ಕೆಲವು ದಿನ ಎಷ್ಟೋ ಪುಡಿಮೀನುಗಳಿಗೆ ಒಂದು ಪ್ರತಿಕ್ರಿಯೆ ಹಾಕಲೂ ಆಗಲಿಲ್ಲ. ಅದೇ ನವೆಂಬರಿನಲ್ಲಿ ಕಂಪನಿ ತನ್ನ ನೂರಕ್ಕೆ ಎಪ್ಪತ್ತು ನೌಕರರನ್ನು ಮನೆಗೆ ಕಳಿಸಿತು. 2020ರ ಫೆಬ್ರವರಿಯಲ್ಲಿ ಟ್ರಾನ್ ಎಂಬ ನಾಣ್ಯದ ಜಸ್ಟಿನ್ ಸನ್ ಕಂಪನಿಯನ್ನು ಕೊಂಡರು. ಅದನ್ನು ಒಪ್ಪದ ಬಳಗ ಮಾರ್ಚ್ 20ರಂದು ಬೇರೆಯಾಗಿ ಹೈವ್ ಎಂಬ ಹೆಸರಿನಲ್ಲಿ ಬೇರೆ ಒಲೆ ಹೂಡಿತು. ಮನೆ ಒಡೆದಾಗಲೂ ಜಗಳ ಆದದ್ದು ಮತಬಲ ಯಾರ ಕೈಯಲ್ಲಿರಬೇಕು ಅಂತಲೇ.

ನಾಣ್ಯದ ಕಥೆ ಅಷ್ಟಕ್ಕೆ ಬಿಡೋಣ. ಹೊಸದಾಗಿ ಬರೆಯಲು ಬರುವವರ ಕಡೆಗೆ ಬರುತ್ತೇನೆ.

ಮೊದಲೇ ಹೇಳಿದೆನಲ್ಲ, ನನಗೆ ಬೇಕಾದ ಒಬ್ಬರು ಅಂತ. ದೂರದ ಸಂಬಂಧದಲ್ಲಿ ಅಕ್ಕ ಆಗಬೇಕು, ಸಿರಸಿ ಕಡೆಯವರು. ಹೆಸರು ಬೇಡ. ಅವರು ಹೋದದ್ದು ಸ್ಟೀಮಿಟ್‌ಗಲ್ಲ. ನಮ್ಮ ಭಾಷೆಯಲ್ಲೇ ಬರೆಯಲು ಬಿಟ್ಟು, ಮೆಚ್ಚುಗೆ ಬಂದಷ್ಟು ಅಂಕ, ಅಂಕ ಸೇರಿದಷ್ಟು ರೂಪಾಯಿ ಅನ್ನುವ ಇನ್ಯಾವುದೋ ಒಂದು ತಾಣಕ್ಕೆ. ಯಾವುದು ಅನ್ನುವುದು ಮುಖ್ಯವಲ್ಲ. ಅವರ ಮೊದಲ ಬರಹ ಕೊನೆಕೊಯ್ಲಿನ ಬಗ್ಗೆ. ಅವರ ಅಪ್ಪನ ಕಾಲದಲ್ಲಿ ಅಡಿಕೆ ಕೊನೆ ಇಳಿಸಲು ಬರುತ್ತಿದ್ದ ಕೊನೆಗೌಡ, ಒಂದು ಮರದ ತುದಿಯಿಂದ ಇನ್ನೊಂದು ಮರಕ್ಕೆ ತೂಗಿ ದಾಟುತ್ತಿದ್ದ ಪರಿ, ಕೆಳಗೆ ಹಗ್ಗ ಹಿಡಿದು ಕತ್ತು ಎತ್ತಿ ನೋಡುತ್ತ ನಿಂತ ಅಪ್ಪ, ಒಂದು ಮಧ್ಯಾಹ್ನ ಮರದ ತುದಿ ಲಟಕ್ ಅಂದ ಸದ್ದು... ಅಲ್ಲಿಗೆ ನಿಲ್ಲಿಸಿದ್ದರು. ಮೂರು ವಾರ ತಿದ್ದಿ ತಿದ್ದಿ ಬರೆದದ್ದು. ನನಗೆ ವಾಟ್ಸಾಪಿನಲ್ಲಿ ಕಳಿಸಿದ್ದರು. ಗಡಿಬಿಡಿಯಿಲ್ಲದೆ ಓದಲು ಎಂಟು ನಿಮಿಷ ಬೇಕು.

ಅದನ್ನು ಹಾಕಿದ ಒಂದೇ ನಿಮಿಷಕ್ಕೆ 11 ಮೆಚ್ಚುಗೆ ಬಂದವು.

ಅಕ್ಕನಿಗೆ ಮೊದಲು ಸಂಭ್ರಮ. ಆಮೇಲೆ ಗಡಿಯಾರ ನೋಡಿ ಅನುಮಾನ. ಸಂಜೆಯೊಳಗೆ ಆ ಹನ್ನೊಂದರಲ್ಲಿ ಏಳು ಜನರಿಂದ ಹೆಚ್ಚುಕಮ್ಮಿ ಒಂದೇ ಒಕ್ಕಣೆಯ ಸಂದೇಶ: ನಿಮ್ಮ ಬರಹ ಮೆಚ್ಚಿದ್ದೇನೆ, ನನ್ನದನ್ನೂ ಮೆಚ್ಚಿ. ಮಲೆನಾಡಿನ ಮನೆಯಲ್ಲಿ ಬೆಳೆದವರು, ಕೊಟ್ಟದ್ದನ್ನು ವಾಪಸು ಕೊಡದೆ ಇರಲು ಮನಸ್ಸು ಒಪ್ಪುವುದಿಲ್ಲ. ಏಳೂ ಜನರದ್ದನ್ನು ಮೆಚ್ಚಿದರು. ಏಳು ಇಪ್ಪತ್ತಾಯಿತು, ಇಪ್ಪತ್ತು ನಲವತ್ತಾಯಿತು. ಬೆಳಿಗ್ಗೆ ದೋಸೆ ಹುಯ್ಯುತ್ತ ಒಂದು ಕೈಯಲ್ಲಿ ಮೊಬೈಲು ಹಿಡಿದು ಗುಂಡಿ ಒತ್ತುವುದೇ ಕೆಲಸ. ಎರಡನೇ ತಿಂಗಳಿಗೆ ಅವರು ಕೊನೆಗೌಡನಂಥದ್ದನ್ನು ಬಿಟ್ಟು, "ಸಂಸಾರ ಸುಖವಾಗಿರಲು ಏಳು ಸೂತ್ರಗಳು" ಬರೆಯತೊಡಗಿದ್ದರು. ಅದಕ್ಕೆ ಅಂಕ ಜಾಸ್ತಿ. ಮೂರನೇ ತಿಂಗಳಿಗೆ ಅದೂ ಇಲ್ಲ.

ಯಾಕೆ ಬಿಟ್ಟಿರಿ ಅಂತ ಕೇಳಿದೆ. ದುಡ್ಡು ಬರ್ಲಿಲ್ಲ ಅಂತಾನಾ?

"ದುಡ್ಡು ಬಂತು ಮಾರಾಯ, ಮುನ್ನೂರು ಚಿಲ್ಲರೆ ರೂಪಾಯಿ ಬಂತು. ಅದಲ್ಲ. ಹನ್ನೊಂದು ಜನ ಮೆಚ್ಚಿದ್ರಲ್ಲ, ಅವ್ರಲ್ಲಿ ಒಬ್ರಾದ್ರೂ, ಕೊನೆಗೌಡ ಬಿದ್ನಾ ಇಲ್ವಾ ಅಂತ ಕೇಳಿದ್ರೆ ಸಾಕಿತ್ತು. ನಾ ಇನ್ನೂ ಬರೀತಿದ್ದೆ."

ಈ ಮಾತು ನನ್ನನ್ನು ಬಿಟ್ಟಿಲ್ಲ. ಅವರಿಗೆ ಸೊನ್ನೆ ಸಿಕ್ಕಿರಲಿಲ್ಲ, ಹನ್ನೊಂದು ಸಿಕ್ಕಿತ್ತು. ಆದರೆ ಆ ಹನ್ನೊಂದು ಏನನ್ನು ಹೇಳುತ್ತದೆ ಅನ್ನುವುದು ಗೊತ್ತಾಗಲಿಲ್ಲ. ಓದಿದೆವು ಅಂತಲೋ? ನಮ್ಮದನ್ನೂ ಒತ್ತಿ ಅಂತಲೋ? ಲಾಭ ಬರುತ್ತೆ ಅಂತಲೋ? ಒಂದೇ ಗುಂಡಿ ಮೂರೂ ಮಾತನ್ನು ಆಡುತ್ತದೆ. ಮೂರೂ ಮಾತನ್ನು ಒಟ್ಟಿಗೆ ಆಡಿದರೆ ಯಾವ ಮಾತೂ ಕೇಳಿಸುವುದಿಲ್ಲ. ಹಳಬರಿಗೆ ಇದರಿಂದ ಅಷ್ಟು ತೊಂದರೆ ಇಲ್ಲ. ಅವರಿಗೆ ತಮ್ಮ ಬರಹ ಎಂಥದ್ದು ಅನ್ನುವ ಅಂದಾಜು ಬೇರೆ ಕಡೆಯಿಂದ ಸಿಕ್ಕಿರುತ್ತದೆ. ಹೊಸಬರಿಗೆ ಇರುವುದು ಆ ಅಂಕಿ ಒಂದೇ. ಅದೇ ಸುಳ್ಳಾದರೆ ಹಿಡಿದುಕೊಳ್ಳಲು ಏನಿದೆ?

ಮಕ್ಕಳ ಮೇಲೆ ನಡೆಸಿದ ಒಂದು ಹಳೆಯ ಪ್ರಯೋಗ ಇದೆ. ಅಮೆರಿಕದ ಸ್ಟ್ಯಾನ್‌ಫರ್ಡ್‌ನ ಶಿಶುವಿಹಾರದಲ್ಲಿ ಲೆಪ್ಪರ್, ಗ್ರೀನ್ ಮತ್ತು ನಿಸ್ಬೆಟ್ ಎಂಬ ಮೂವರು ಮಾಡಿದ್ದು, 1973ರಲ್ಲಿ ಪ್ರಕಟವಾದದ್ದು. ಚಿತ್ರ ಬಿಡಿಸುವುದೆಂದರೆ ಪ್ರಾಣ ಅನ್ನುವ ಮಕ್ಕಳನ್ನೇ ಆರಿಸಿ ಮೂರು ಗುಂಪು ಮಾಡಿದರು. ಒಂದು ಗುಂಪಿಗೆ "ಚಿತ್ರ ಬಿಡಿಸಿದರೆ ಬಹುಮಾನದ ಪಟ್ಟಿ ಕೊಡ್ತೀವಿ" ಅಂತ ಮೊದಲೇ ಹೇಳಿದರು. ಇನ್ನೊಂದು ಗುಂಪಿಗೆ ಏನೂ ಹೇಳದೆ, ಬಿಡಿಸಿ ಮುಗಿದ ಮೇಲೆ ಅದೇ ಬಹುಮಾನ ಕೊಟ್ಟರು. ಮೂರನೆಯದಕ್ಕೆ ಏನೂ ಇಲ್ಲ. ಒಂದೆರಡು ವಾರ ಬಿಟ್ಟು ನೋಡಿದರೆ, ಮೊದಲೇ ಮಾತು ಕೊಟ್ಟು ಬಹುಮಾನ ಕೊಟ್ಟ ಮಕ್ಕಳು ಬಿಡುವಿನಲ್ಲಿ ಚಿತ್ರ ಬಿಡಿಸುತ್ತಿದ್ದ ಹೊತ್ತು ಉಳಿದವರ ಅರ್ಧದಷ್ಟು ಮಾತ್ರ. ಹೇಳದೆ ಕೊಟ್ಟ ಬಹುಮಾನದಿಂದ ಅಂಥ ಹಾನಿ ಆಗಿರಲಿಲ್ಲ. ಬಹುಮಾನವೇ ಕೆಟ್ಟದ್ದು ಅಂತ ಇದರರ್ಥ ಅಲ್ಲ. ಕೆಲಸಕ್ಕೆ ಮೊದಲೇ ಬಂದು "ಇದಕ್ಕೋಸ್ಕರ ಮಾಡು" ಅಂತ ಹೇಳುವ ಬಹುಮಾನ, ಅಲ್ಲಿ ಮೊದಲಿನಿಂದ ಇದ್ದ ಖುಷಿಯನ್ನು ಪಕ್ಕಕ್ಕೆ ತಳ್ಳುತ್ತದೆ, ಅಷ್ಟೆ.

ಮೊದಲ ಮತದ ಶಕ್ತಿಯ ಬಗ್ಗೆಯೂ ಒಂದು ಅಧ್ಯಯನ ಇದೆ. ಮುಚ್ನಿಕ್, ಅರಾಲ್ ಮತ್ತು ಟೇಲರ್ 2013ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಬರೆದದ್ದು. ಒಂದು ಸುದ್ದಿತಾಣದ ಲಕ್ಷಕ್ಕೂ ಹೆಚ್ಚು ಪ್ರತಿಕ್ರಿಯೆಗಳಲ್ಲಿ ಕೆಲವಕ್ಕೆ ತಾವೇ ಕುರುಡಾಗಿ, ಓದದೆ ಒಂದು ಮೆಚ್ಚುಗೆ ಮತ ಹಾಕಿ ಬಿಟ್ಟರು. ಹಾಗೆ ಮತ ಬಿದ್ದವುಗಳ ಅಂತಿಮ ಅಂಕ ಸರಾಸರಿ ಶೇಕಡಾ 25ರಷ್ಟು ಹೆಚ್ಚಾಯಿತು. ಒಂದೇ ಒಂದು ಮತ! ಬಾಡಿಗೆ ಮತ ಕೊಂಡವರಿಗೆ ಇದು ಅಧ್ಯಯನ ಇಲ್ಲದೆಯೇ ಗೊತ್ತಿತ್ತು ಅನ್ನಿ. ಜನ ಸೇರಿದಲ್ಲಿ ಜನ ಸೇರುತ್ತಾರೆ, ಜಾತ್ರೆಯಲ್ಲಿ ನೋಡುತ್ತೇವಲ್ಲ. ಖಾಲಿ ಅಂಗಡಿಯ ಮಂಡಕ್ಕಿ ಎಷ್ಟು ಗರಿಗರಿ ಇದ್ದರೇನು.

ಹಾಗಾದರೆ ಹೊಸಬರಿಗೆ ಏನೂ ಕೊಡಬಾರದೇ? ಇಲ್ಲಿ ಮೂರನೆಯ ಅಧ್ಯಯನ ಬರುತ್ತದೆ, ನನಗೆ ಅತ್ಯಂತ ಇಷ್ಟವಾದದ್ದು. ಯಾನಾ ಗ್ಯಾಲಸ್ ಎಂಬ ಸಂಶೋಧಕಿ ಜರ್ಮನ್ ವಿಕಿಪೀಡಿಯದಲ್ಲಿ ಸುಮಾರು 4,000 ಹೊಸ ಬರಹಗಾರರನ್ನು ತೆಗೆದುಕೊಂಡರು. ಅವರಲ್ಲಿ ಚೀಟಿ ಎತ್ತಿದ ಹಾಗೆ ಆರಿಸಿದ ಕೆಲವರಿಗೆ ಒಂದು ಪುಟ್ಟ ಗೌರವ ಕೊಡಲಾಯಿತು. ದುಡ್ಡಿಲ್ಲ, ಅಂಕ ಇಲ್ಲ, ವಿಶೇಷ ಅಧಿಕಾರ ಇಲ್ಲ. ನಿಮ್ಮ ಕೆಲಸ ಕಂಡಿದ್ದೇವೆ, ಧನ್ಯವಾದ ಅನ್ನುವ ಅರ್ಥದ ಒಂದು ಬಿರುದು ಮಾತ್ರ. ಅದನ್ನು ಪಡೆದವರು ಮುಂದಿನ ತಿಂಗಳೂ ಬರೆಯುತ್ತಿದ್ದ ಪ್ರಮಾಣ ಉಳಿದವರಿಗಿಂತ ಶೇಕಡಾ 20 ಹೆಚ್ಚು. ಆ ಪರಿಣಾಮ ಒಂದು ವರ್ಷದವರೆಗೂ ಕಂಡಿತು. ಈ ಫಲಿತಾಂಶ 2017ರಲ್ಲಿ ಪ್ರಕಟವಾಯಿತು. ಸಾವಿರಾರು ಡಾಲರಿನ ಅಂಕಿ ತೋರಿಸಿ ಕರೆತಂದವರನ್ನು ಉಳಿಸಿಕೊಳ್ಳಲು ಪರದಾಡಿದ ತಾಣದ ಪಕ್ಕದಲ್ಲಿ ಇದನ್ನಿಟ್ಟು ನೋಡಿ.

ಇಷ್ಟು ಬರೆದು, "ನಮ್ಮ ಕಾಲದಲ್ಲಿ ಎಲ್ಲ ಶುದ್ಧವಾಗಿತ್ತು" ಅಂತ ಹೇಳಿದರೆ ನೀವೇ ನಗುತ್ತೀರಿ. ದುಡ್ಡಿಲ್ಲದ ಕನ್ನಡ ಬ್ಲಾಗುಗಳಲ್ಲೂ ಮುಯ್ಯಿ ಇತ್ತು. ಮದುವೆ ಮನೆಯಲ್ಲಿ ಒಬ್ಬರು ಪುಸ್ತಕ ಹಿಡಿದು ಕೂತು, ಯಾರು ಎಷ್ಟು ಮುಯ್ಯಿ ಮಾಡಿದರು ಅಂತ ಬರೆದುಕೊಳ್ಳುತ್ತಾರಲ್ಲ, ಅವರ ಮನೆ ಮದುವೆಗೆ ಅಷ್ಟನ್ನು ವಾಪಸು ಕೊಡಬೇಕಲ್ಲ, ಹಾಗೆ. "ಚೆನ್ನಾಗಿದೆ, ಮುಂದುವರೆಸಿ. ನನ್ನ ಬ್ಲಾಗಿಗೂ ಒಮ್ಮೆ ಬನ್ನಿ" ಎಂಬ ಕಾಮೆಂಟು ನೋಡದವರು ಯಾರಿದ್ದಾರೆ? ಆದರೆ ಆ ಮುಯ್ಯಿಯಲ್ಲಿ ಒಂದು ಸಮಾಧಾನ ಇತ್ತು. ಅದು ಮುಯ್ಯಿ ಅಂತ ನೋಡಿದ ಕೂಡಲೇ ಗೊತ್ತಾಗುತ್ತಿತ್ತು. ನಿಜವಾಗಿ ಓದಿದವರು ಬರೆದ ಕಾಮೆಂಟು ಬೇರೆ ಥರ ಇರುತ್ತಿತ್ತು. ಮೂರನೇ ಪ್ಯಾರಾದಲ್ಲಿ "ಒತ್ತಕ್ಷರ ತಪ್ಪಿದೆ ನೋಡಿ" ಅಂತಲೋ, "ನಮ್ಮಲ್ಲಿ ಅದಕ್ಕೆ ಬೇರೆ ಹೆಸರಿದೆ" ಅಂತಲೋ, "ಇದನ್ನು ಒಪ್ಪುವುದಿಲ್ಲ" ಅಂತಲೋ. ಮಾತಿನಲ್ಲಿ ಕಳ್ಳ ಯಾರು ಸಾಚಾ ಯಾರು ತಿಳಿಯುತ್ತದೆ. ಅಂಕಿಯಲ್ಲಿ ತಿಳಿಯುವುದಿಲ್ಲ. ಮುಯ್ಯಿ ಮಾಡಿದವನ ಒಂದೂ ಓದಿದವನ ಒಂದೂ ಕೂಡಿದರೆ ಎರಡೇ.

ಈ ಗಂಟನ್ನು ಬಿಚ್ಚಲು ಬೇರೆಯವರೂ ಒದ್ದಾಡಿದ್ದಾರೆ. ಮೀಡಿಯಂ ಎಂಬ ತಾಣ 2017ರಲ್ಲಿ ಬರೆದವರಿಗೆ ಹಣ ಕೊಡಲು ಶುರುಮಾಡಿತು. ಆಗ ಲೆಕ್ಕಕ್ಕಿದ್ದದ್ದು ಚಪ್ಪಾಳೆ, ಒಬ್ಬ ಓದುಗ ಒಂದು ಬರಹಕ್ಕೆ ಐವತ್ತರವರೆಗೂ ತಟ್ಟಬಹುದು. 2019ರಲ್ಲಿ ಅದನ್ನು ಬಿಟ್ಟು, ಚಂದಾದಾರರು ಎಷ್ಟು ಹೊತ್ತು ಓದಿದರು ಅನ್ನುವುದಕ್ಕೆ ದುಡ್ಡು ಅಂತ ಮಾಡಿದರು. ಚಪ್ಪಾಳೆ ಬರೀ ಚಪ್ಪಾಳೆಯಾಗಿ ಉಳಿಯಿತು. 2023ರಲ್ಲಿ ಮತ್ತೆ ಚಪ್ಪಾಳೆ, ಪ್ರತಿಕ್ರಿಯೆಗಳನ್ನೆಲ್ಲ ಲೆಕ್ಕಕ್ಕೆ ಸೇರಿಸಿಕೊಂಡರು. ಓದಿದ ಹೊತ್ತನ್ನು ಅಳೆದರೆ ಸುಮ್ಮನೆ ಉದ್ದ ಎಳೆಯುವ ಆಸೆ, ಚಪ್ಪಾಳೆ ಅಳೆದರೆ ಚಪ್ಪಾಳೆ ಗಿಟ್ಟಿಸುವ ಆಸೆ. ಏನನ್ನು ಅಳೆಯುತ್ತೀರೋ ಬರಹ ಅತ್ತ ವಾಲುತ್ತದೆ, ಬಿಸಿಲಿನ ಕಡೆ ವಾಲುವ ಗಿಡದ ಹಾಗೆ. ಹೊಸ ಗಿಡವಂತೂ ಇನ್ನೂ ಬೇಗ ವಾಲುತ್ತದೆ, ಕಾಂಡ ಎಳೆಯದಲ್ವಾ.

ಹಾಗಾಗಿ ನನಗನ್ನಿಸುವುದು ಇಷ್ಟು. ಬರೆದವರಿಗೆ ದುಡ್ಡು ಸಿಗಲಿ, ಖಂಡಿತ ಸಿಗಲಿ. ಪುಸ್ತಕ ಕೊಳ್ಳುವ ಹಾಗೆ, ಚಂದಾ ಕಟ್ಟುವ ಹಾಗೆ, ಬೇಕಾದವರು ಬೇರೆಯಾಗಿ ಕೊಡಲಿ. ಆದರೆ "ಓದಿದೆ" ಎಂಬ ಮಾತನ್ನು ಆ ಗಲ್ಲಾಪೆಟ್ಟಿಗೆಗೆ ಹಾಕಬೇಡಿ. ಹೇಳಿದವರಿಗೆ ಏನೂ ಲಾಭ ಇಲ್ಲದಿದ್ದಾಗ ಮಾತ್ರ ಆ ಮಾತಿಗೆ ಬೆಲೆ. ಹೇಳುವವನಿಗೂ ಅದರಲ್ಲಿ ಪಾಲು ಅಂತಾದ ದಿನ, ಮೊದಲು ಹಾಳಾಗುವುದು ಬರಹವಲ್ಲ, ಓದು. ಓದು ಹಾಳಾದ ಮೇಲೆ ಬರಹ ಉಳಿಯುವುದು ಎಲ್ಲಿಂದ? ಸ್ಟೀಮಿಟ್ ಬರೆಯುವವರಿಗೆ ಕೂಲಿ ಕೊಡಹೋಗಿ ಓದುಗರನ್ನು ಹೂಡಿಕೆದಾರರನ್ನಾಗಿ ಮಾಡಿತು. ಬಂದ ಹೊಸಬನಿಗೆ ಎದುರಾದದ್ದು ಓದುವವರಲ್ಲ, ಲೆಕ್ಕ ಹಾಕುವವರು.

ನಮ್ಮ ಕೈಯಲ್ಲಿ ತಾಣಗಳ ನಿಯಮ ಇಲ್ಲ, ನಿಜ. ಆದರೆ ಪುಕ್ಕಟೆಯಾಗಿ ಕೊಡಬಹುದಾದ, ಯಂತ್ರಕ್ಕೆ ಕೊಡಲು ಬಾರದ ಒಂದು ವಸ್ತು ನಮ್ಮೆಲ್ಲರ ಬಳಿ ಇದೆ. ಹೊಸಬರ ಒಂದು ಬರಹವನ್ನು ಪೂರ್ತಿ ಓದಿ, ಅದರೊಳಗಿನದ್ದೇ ಒಂದು ಪ್ರಶ್ನೆ ಕೇಳುವುದು. "ಸೂಪರ್" ಬೇಡ, ಹೂಗುಚ್ಛದ ಚಿತ್ರವೂ ಬೇಡ. ಆ ಅಂಗಡಿ ಈಗಲೂ ಇದೆಯಾ? ನಿಮ್ಮ ಅತ್ತೆ ಆಮೇಲೆ ಏನಂದ್ರು? ಆ ಬಾವಿಯ ನೀರು ಬೇಸಿಗೆಯಲ್ಲೂ ಇರ್ತಿತ್ತಾ? ಇಷ್ಟು ಸಾಕು. ಉತ್ತರ ಬರೆಯಲು ಕೂತವರು ಮುಂದಿನ ಬರಹಕ್ಕೆ ಕೂತ ಹಾಗೇ.

ಅಂದಹಾಗೆ ಇತ್ತೀಚೆಗೆ ಬ್ಲಾಗು ಶುರುಮಾಡಿದವರು, ಎರಡು ಮೂರು ಪೋಸ್ಟು ಹಾಕಿ ಯಾರೂ ಬಾರದೆ ಕಾಯುತ್ತ ಕೂತವರು ನಿಮಗೆ ಗೊತ್ತಿದ್ದರೆ ಕೊಂಡಿಯನ್ನು ಕೆಳಗೆ ಹಾಕಿ. ನಿಮ್ಮದೇ ಆದರೂ ಸಂಕೋಚ ಬೇಡ. ವಾರಕ್ಕೆ ಎರಡನ್ನಾದರೂ ಓದುತ್ತೇನೆ. ಮುಯ್ಯಿ ವಾಪಸು ಮಾಡಬೇಕಾಗಿಲ್ಲ :-)

ಏನಂತೀರಿ?